ಅಮ್ಮ ಹೊಲಿದ ಅಂಗಿ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಅತ್ತಿಗೆಯ ಮಂಡಿನೋವು ಕಡಿಮೆಯಾಯಿತೇ? ಮಗಳ ಮುಂದಿನ ಹಲ್ಲು ಬಿದ್ದಿದೆ ಎಂದು ಬರೆದಿದ್ದೀಯ. ನಕ್ಕರೆ ಥೇಟ್ ಅಮ್ಮನ ಹಾಗೆ ಕಾಣುತ್ತಾಳೇನೋ ಅಂದುಕೊಂಡು ನಾನೊಬ್ಬಳೇ ನಕ್ಕೆ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಅಂಗಡಿ ತೆಗೆಯುತ್ತೇನೆ, ಸಂಜೆ ಮುಚ್ಚುತ್ತೇನೆ. ಅಮ್ಮ ಕೂರುತ್ತಿದ್ದ ಸ್ಟೂಲನ್ನು ಗಿರಾಕಿಗಳು ಎಳೆದುಕೊಂಡು ಕೂತರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ನಿನ್ನ ಕಾಗದ ಬಂತು. "ಅಮ್ಮನ ಅಂಗಿ ಹಾಕ್ಕೊಂಡ್ರೆ ಅವಳೇ ಬೆನ್ನು ಸವರಿದ ಹಾಗಾಗುತ್ತೆ ಕಣೇ, ಒಂದೊಂದು ಹೊಲಿಗೆ ಮುಟ್ಟಿ ಅತ್ತುಬಿಟ್ಟೆ" ಎಂದು ಬರೆದಿದ್ದೀಯ. ಓದಿ ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಏಕೆಂದರೆ ನೀನು ಮುಟ್ಟಿದ್ದು ನನ್ನ ಹೊಲಿಗೆಯನ್ನು.

ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ನಿನಗೆ ಎಷ್ಟು ಸಲ ಫೋನ್ ಮಾಡಿದೆ! ಪ್ರತಿ ಸಲವೂ ನೀನು "ಈ ವಾರ ಆಗಲ್ಲ, ಮುಂದಿನ ವಾರ ಖಂಡಿತ" ಎಂದೆ. ಅಮ್ಮ ನಿನ್ನನ್ನು ಒಂದು ದಿನವೂ ಬೈಯಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ತಾನೇ? ಹೊಲಿಗೆ ಮಿಷನ್ ತುಳಿಯಲು ಅವಳ ಕಾಲಿನಲ್ಲಿ ಶಕ್ತಿಯಿರಲಿಲ್ಲ. ದಿಂಬಿಗೆ ಒರಗಿ, ನಿನ್ನ ಅಳತೆ ನೆನಪಿನಿಂದಲೇ ಹಿಡಿದು, ಇಡೀ ಅಂಗಿಯನ್ನು ಕೈಯಲ್ಲಿ ಹೊಲಿದಳು. ಅವಳ ಮಲಮೂತ್ರ ಬಳಿದವಳು ನಾನು. ನನಗೆ ಒಂದು ಕರವಸ್ತ್ರದ ಅಂಚನ್ನೂ ಮಡಿಸಿಕೊಡಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಲು ಬಂದವನು ನೀನು, ಅಮ್ಮನ ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತೆ, ಹೊರಡುವಾಗ "ಗುಂಡಿ ಹಾಕಿ ಅಂಗಿ ಕಳಿಸಿಬಿಡು" ಎಂದೆ. ಗಿರಾಕಿಗಳು ಹೇಳುವುದೂ ಹಾಗೆಯೇ.

ನೀನು ಬಸ್ ಹತ್ತಿದ ಮರುದಿನವೇ ನಾನು ಬ್ಲೇಡ್ ತೆಗೆದುಕೊಂಡು ಕೂತೆ. ತೋಳು, ಪಕ್ಕ, ಭುಜ, ಕೆಳಗಿನ ಅಂಚು, ಎಲ್ಲ ಬಿಚ್ಚಿದೆ. ಅಮ್ಮನ ನೂಲನ್ನು ಒಲೆಗೆ ಹಾಕಿದೆ. ಆಮೇಲೆ ಅದೇ ಬಟ್ಟೆಯನ್ನು ನಾನು ಹೊಲಿದೆ. ಅಮ್ಮ ಎಡಗೈಯವಳು, ಅವಳ ಹೊಲಿಗೆ ಎಡಕ್ಕೆ ವಾಲುತ್ತದೆ. ನನ್ನದು ಬಲಕ್ಕೆ. ಇದೇ ಅಂಗಡಿಯ ಚಿಂದಿ ಬಟ್ಟೆಯ ಮೇಲೆ ಮಲಗಿ ಬೆಳೆದವನಿಗೆ ಅಷ್ಟೂ ಗೊತ್ತಾಗದೆ ಹೋಯಿತಲ್ಲ ಅಣ್ಣಾ! ನೀನು ಮೋಸಹೋಗಿ ಅತ್ತದ್ದು ಓದಿದಾಗ ಹೊಟ್ಟೆ ತಣ್ಣಗಾಯಿತು. ನಿನ್ನ ಕ್ಷಮೆ ಕೇಳುತ್ತೇನೆ ಅಂದುಕೊಂಡಿದ್ದರೆ ಕೇಳುವುದಿಲ್ಲ. ಬದುಕಿರುವ ಮಗನನ್ನು ಕಳೆದುಕೊಂಡು ಅಮ್ಮ ಬಾಗಿಲು ನೋಡುತ್ತಾ ಮಲಗಿದ್ದಳು. ಆ ಸಂಕಟದ ಒಂದು ಚೂರಾದರೂ ನಿನಗೆ ತಾಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅತ್ತಿಗೆಗೆ ನಮಸ್ಕಾರ ಹೇಳು. ಹಲ್ಲಿಲ್ಲದ ಮುದ್ದಿಗೆ ಅತ್ತೆಯ ಮುತ್ತು. ಅವಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಇಂತಿ ನಿನ್ನ ತಂಗಿ,
ನೀವೆಲ್ಲ ಕರೆಯುತ್ತಿದ್ದ ಹಾಗೆ, ಸೂಜಿ

ಮರೆತಿದ್ದೆ: ಕಾಲರ್ ಬಿಚ್ಚಲಿಲ್ಲ. ಬ್ಲೇಡ್ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಕೈ ಬರಲಿಲ್ಲ. ಅದು ಅಮ್ಮನದೇ. ಸಿಟ್ಟಿನಲ್ಲಿ ಉಳಿದ ನೂಲೆಲ್ಲ ಸುಟ್ಟುಬಿಟ್ಟೆ, ಈಗ ಮನೆಯೆಲ್ಲ ಹುಡುಕಿದರೂ ಮಿಷನ್ ಹೊಲಿಗೆ ಬಿಟ್ಟರೆ ಅವಳ ಕೈಯ ಒಂದು ಹೊಲಿಗೆಯೂ ಸಿಗುತ್ತಿಲ್ಲ. ಅಂಗಿ ನೀನೇ ಇಟ್ಟುಕೋ. ಕಾಲರನ್ನು ಕತ್ತರಿಸಿ ಕಳಿಸು ಅಣ್ಣಾ. ಒಗೆಯಬೇಡ.