ಮಾರ್ಚ್ ಹದಿಮೂರರ ಆರು ಮಿಲಿಮೀಟರ್

ಚಿಲೆಂಬಾ ಗ್ರಾಮ,
ಶಿರೆ ನದಿಯ ಪಡುದಂಡೆ, ಮಲಾವಿ.
ಭಾನುವಾರ, ಸೆಪ್ಟೆಂಬರ್ 14, 2025

ಪ್ರೀತಿಯ ಮಗಳು ಡೊರಿಕಾ,

2023ರ ಮಾರ್ಚ್ ಹದಿಮೂರರಂದು ನಮ್ಮೂರಿನ ಮೇಲೆ ಸುರಿದ ಮಳೆ ಆರು ಮಿಲಿಮೀಟರ್ ಎಂದು ಸರ್ಕಾರದ ಪುಸ್ತಕದಲ್ಲಿ ಅಚ್ಚಾಗಿದೆ. ಈ ಒಂದು ವಾಕ್ಯವನ್ನು ಮೊದಲೇ ಬರೆದು ಹಗುರಾದೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಆಗುತ್ತಿರಲಿಲ್ಲ. ಇನ್ನು ನಿನ್ನ ಕ್ಷೇಮ. ಕೆಮ್ಮು ಹೇಗಿದೆ? ಈ ತಿಂಗಳು ಲಿಲೋಂಗ್ವೆಯ ಧೂಳು, ಹುಲ್ಲು ಸುಡುವ ಹೊಗೆ ಎರಡೂ ನಿನಗೆ ಆಗುವುದಿಲ್ಲ. ಸೀಬೆ ಎಲೆಯ ಕಷಾಯ ಮಾಡಿಕೊಂಡು ಕುಡಿ, ಅಂಗಡಿಯ ಸಿಹಿ ಔಷಧಿಯನ್ನಲ್ಲ. ನಿನ್ನ ಅಮ್ಮನ ಸೊಂಟ ಮೊದಲಿನಂತೆಯೇ ಇದೆ, ಬಾಯಿಯೂ ಮೊದಲಿನಂತೆಯೇ ಇದೆ. ಈ ಕಾಗದ ತರುವ ಬಸ್ಸಿನವನ ಕೈಯಲ್ಲಿ ಒಣಗಿಸಿದ ಮ್ಲಾಂಬಾ ಮೀನು ಕಳಿಸಿದ್ದಾಳೆ. ನಿನ್ನ ಹವಾಮಾನ ಕಚೇರಿಯವರಿಗೆಲ್ಲ ಹಂಚಿಬಿಡಬೇಡ ಎಂದು ಹೇಳಲು ಹೇಳಿದಳು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು "ಹ್ಞೂಂ ಅಪ್ಪಾ, ಹ್ಞೂಂ ಅಪ್ಪಾ" ಎನ್ನುತ್ತೀಯ, ಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಮನೆಯಲ್ಲಿ ಉಳಿಯುತ್ತದೆ, ಕಣ್ಣಿಗೆ ಬಿದ್ದಾಗಲೆಲ್ಲ ಚುಚ್ಚುತ್ತದೆ.

ಶಾಲೆಯಂಗಳದ ಮಳೆಮಾಪಕ ಇನ್ನೂ ಅಲ್ಲೇ ಇದೆ. ಆಡುಗಳು ಬಾಯಿ ಹಾಕದಂತೆ ಸುತ್ತಲೂ ಹೊಸ ಮುಳ್ಳಿನ ಬೇಲಿ ಕಟ್ಟಿದ್ದೇನೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾದರೂ ಮಳೆ ಅಳೆಯುವ ಕೆಲಸದಿಂದ ನನ್ನನ್ನು ಯಾರೂ ನಿವೃತ್ತಿ ಮಾಡಲಿಲ್ಲ. ಮೂವತ್ತೊಂಬತ್ತು ವರ್ಷ, ದಿನಾ ಬೆಳಿಗ್ಗೆ ಎಂಟಕ್ಕೆ. ತೊಂಬತ್ತೆರಡರ ಬರದಲ್ಲಿ ಊರೆಲ್ಲ ಜೌಗಿಗೆ ಇಳಿದು ನೈದಿಲೆ ಗಡ್ಡೆ ಕಿತ್ತು ತಿನ್ನುತ್ತಿದ್ದಾಗಲೂ ನಾನು ಹೋಗಿ ಸೊನ್ನೆ ಎಂದು ಬರೆದು ಬರುತ್ತಿದ್ದೆ. ನಿನಗೆ ಆರು ವರ್ಷವಾದಾಗಿನಿಂದ ಅಳತೆಯ ಗಾಜಿನ ಲೋಟ ಹಿಡಿಯುವುದು ನಿನ್ನ ಕೆಲಸ. ಕಣ್ಣು ನೀರಿನ ಮಟ್ಟಕ್ಕೆ ಬರಬೇಕೆಂದು ನಾನು ಮಂಡಿಯೂರಬೇಕಿತ್ತು, ನೀನು ಸುಮ್ಮನೆ ನಿಂತರೆ ಸಾಕಾಗಿತ್ತು. ಒಂದು ದಿನ ಕಾಲು ಜಾರಿ ನೀರು ಚೆಲ್ಲಿ, ನನಗೆ ಬೇಸರವಾಗಬಾರದೆಂದು ನೀನೇ 'ಏಳು' ಎಂದು ಬರೆದಿದ್ದೆ. ನಾನು ಅದಕ್ಕೆ ಅಡ್ಡಗೀಟು ಹೊಡೆಸಿ, ಷರಾದ ಅಂಕಣದಲ್ಲಿ 'ಚೆಲ್ಲಿಹೋಯಿತು' ಎಂದು ಬರೆಸಿದೆ. "ಅಳೆಯದ್ದನ್ನು ಬರೀಬಾರದು ಮಗಳೇ, ಗೊತ್ತಿಲ್ಲ ಅನ್ನೋದೂ ಒಂದು ಲೆಕ್ಕವೇ" ಎಂದಿದ್ದೆ. ಮಧ್ಯಾಹ್ನ ನ್ಸಿಮಾ ಮುದ್ದೆ ಮುಟ್ಟದೆ ಅಳುತ್ತಾ ಕೂತೆ. ಆ ಪುಟ ಈಗಲೂ ಇದೆ. ನಿನ್ನ ದುಂಡು ಅಕ್ಷರ, ಮೇಲೆ ಒಂದು ಹನಿ ಬಿದ್ದು ಹರಡಿದ ಶಾಯಿ.

ಎರಡೂವರೆ ವರ್ಷದ ಹಿಂದಿನ ಆ ಸೋಮವಾರ ನೀನು ರಾಜಧಾನಿಯಲ್ಲಿದ್ದೆ, ದೇವರು ದೊಡ್ಡವನು. ಶನಿವಾರ ಹಿಡಿದ ಮಳೆ ಬಿಟ್ಟಿರಲಿಲ್ಲ. ಎಂಟು ಗಂಟೆಗೆ ಹೋಗಿ ನೋಡಿದರೆ ಮಾಪಕ ಬಾಯಿಮಟ ತುಂಬಿ, ಹೊರಗಿನ ಡಬ್ಬಿಯೂ ತುಂಬಿ, ನೀರು ಹರಿದು ಹೋಗುತ್ತಿತ್ತು. ಅದರ ಹೊಟ್ಟೆಗೆ ಹಿಡಿಯುವುದು ನೂರೈವತ್ತು ಮಿಲಿಮೀಟರ್. ಆಚೆ ಹರಿದದ್ದು ಎಷ್ಟು, ದೇವರಿಗೇ ಗೊತ್ತು. ಹತ್ತು ಗಂಟೆಗೆ ನದಿ ಊರೊಳಗೆ ಬಂತು. ನಾವು ಶಾಲೆಯ ತಗಡಿನ ಮಾಡು ಹತ್ತಿದೆವು. ಹಿಟ್ಟಿನ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಜಿಸ್ಟರ್ ನನ್ನ ಅಂಗಿಯೊಳಗಿತ್ತು. "ಹಿಟ್ಟು ಚೆಲ್ಲಿ ಚೀಲಕ್ಕೆ ಪುಸ್ತಕ ತುಂಬ್ಕೊಂಡ್ ಬಂದಿದಾರೆ ನನ್ ಗಂಡ, ಈಗ ಎಲ್ರೂ ಒಂದೊಂದ್ ಹಾಳೆ ತಿನ್ನೋಣ ಬನ್ನಿ" ಎಂದು ನಿನ್ನ ಅಮ್ಮ ಆ ಮಳೆಯಲ್ಲೂ ಎಲ್ಲರನ್ನೂ ನಗಿಸಿದಳು. ಸಂಜೆಯ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಹನ್ನೊಂದು ಜನ ಹೋದರು. ಶಾಲೆಯಿಂದ ಬರುವಾಗ ನಿನ್ನ ಜೇಬಿಗೆ ಕಡಲೆಕಾಯಿ ತುಂಬುತ್ತಿದ್ದ ಲಿಸಿನೇತಿ ಅವರಲ್ಲೊಬ್ಬಳು. ಅವಳು ಮಾಡಿನವರೆಗೆ ಬಂದಿದ್ದಳು, ಆಡು ಬಿಚ್ಚಿಬಿಡುತ್ತೇನೆಂದು ಮತ್ತೆ ಇಳಿದಳು. ಎಚ್ಚರಿಕೆಯ ಒಂದು ಗಂಟೆಯಾದರೂ ಬಾರಿಸಿದ್ದರೆ ಎರಡು ತಾಸು ಮೊದಲೇ ಎಲ್ಲರೂ ಆಡು ಸಮೇತ ದಿಬ್ಬ ಹತ್ತಿರುತ್ತಿದ್ದೆವು.

ನೀರಿಳಿದ ಮೇಲೆ ರಿಜಿಸ್ಟರ್ ಬಿಚ್ಚಿ, ಹದಿಮೂರನೆಯ ತಾರೀಖಿನ ಅಂಕಿಯ ಮನೆಯನ್ನು ಖಾಲಿ ಬಿಟ್ಟು, ಷರಾದಲ್ಲಿ ನಮ್ಮ ಭಾಷೆಯಲ್ಲೇ 'ಮಾಪಕ ತುಂಬಿ ಹರಿಯಿತು, ಎಷ್ಟೆಂದು ತಿಳಿಯದು' ಎಂದು ಬರೆದೆ. ನಿಯಮ ಇರುವುದೇ ಹಾಗೆ. ನಿನ್ನ ಅಮ್ಮ ಕೆಸರು ಬಳಿಯುತ್ತಿದ್ದವಳು ತಲೆಯೆತ್ತಿ, "ಇನ್ನೂರೋ ಮುನ್ನೂರೋ ಏನೋ ಒಂದು ಗೀಚ್ರಿ. ದೇವ್ರೇನು ಲೋಟ ಹಿಡ್ಕೊಂಡ್ ಬಂದು ಅಳೀತಾನಾ?" ಎಂದಳು. ನಾನು ಅವಳಿಗೆ ಒಂದು ಪಾಠವನ್ನೇ ಹೇಳಿದೆ. ಎದುರು ದಂಡೆಯ ಹತ್ತಿ ಗೋದಾಮಿನಲ್ಲಿ ಮಾಪಕ ನೋಡುವ ಮಸಾಕೊ ನಿನಗೆ ಗೊತ್ತಲ್ಲ, ವಾರದ ಏಳೂ ದಿನದ ಮಳೆಯನ್ನು ಶುಕ್ರವಾರ ಒಮ್ಮೆಗೇ ಕೂತು ಬರೆಯುವವನು. ಅವನ ಮಾಪಕ ನೆರೆಯಲ್ಲಿ ತೇಲಿಯೇ ಹೋಗಿತ್ತು. ಅವನು ಇನ್ನೂರಹತ್ತು ಎಂದು ಬರೆದ.

ಹೋದ ವರ್ಷ ಹವಾಮಾನ ಬದಲಾವಣೆಯಿಂದ ಯಾವ ಊರಿಗೆ ಎಷ್ಟು ಅಪಾಯ ಎಂದು ನೋಡಲು ಸರ್ಕಾರದ ತಂಡ ಬಂತು. ಒಳ್ಳೆಯ ಮಕ್ಕಳೇ, ದೊಡ್ಡ ಹಾಳೆ, ಬಣ್ಣದ ಪೆನ್ನು ತಂದಿದ್ದರು. ಅಂಜೂರದ ಮರದ ಕೆಳಗೆ ಕೂರಿಸಿ, ಹೆಚ್ಚು ಅಪಾಯದ್ದಕ್ಕೆ ಹೆಚ್ಚು ಕಾಳು, ನೆರೆಗೆ ಎಷ್ಟು ಕಾಳು, ಬರಕ್ಕೆ ಎಷ್ಟು ಕಾಳು ಇಡುತ್ತೀರಿ, ಇಡಿ ಎಂದರು. ಕಾಳು ಫಲೇಸಿ ಅಜ್ಜಿಯ ಮನೆಯದು. ಎಲ್ಲರೂ ನೆರೆಯ ಮೇಲೆ ಗುಡ್ಡೆ ಹಾಕಿದರು, ಅವರು ಫೋಟೋ ತೆಗೆದುಕೊಂಡರು. "ನೆರೆ ಬಂದಾಗ ನೀವು ಹೇಗೆ ಹೊಂದಿಕೊಳ್ತೀರಿ ಅಗೋಗೊ?" ಎಂದು ತಂಡದ ಒಬ್ಬ ಹುಡುಗಿ ಅಜ್ಜಿಯನ್ನು ಕೇಳಿದಳು. ಅಜ್ಜಿ, "ಮರ ಹತ್ತ್‌ತೀವಿ ಮಗಾ. ಎಂಬತ್ತು ವರ್ಷಕ್ಕೆ ನಾನೂ ಹತ್ತಿದೀನಿ. ಅದ್ನೂ ಬರ್ಕೋ. ಮೊದ್ಲೇ ಮೇಲೆ ಒಂದ್ ಹಾವಿತ್ತು, ಅದೂ ಹೊಂದ್ಕೊಳ್ತು" ಎಂದು ಹೇಳಿ, ಕಾಳನ್ನೆಲ್ಲ ಸೆರಗಿಗೆ ಬಳಿದುಕೊಂಡು ಬೇಯಿಸಲು ಎದ್ದುಹೋದಳು. ವರದಿಯಲ್ಲಿ ಏನಿದೆ ಗೊತ್ತೇ? 'ಚಿಲೆಂಬಾ ಸಮುದಾಯದಲ್ಲಿ ಹೊಂದಾಣಿಕೆಯ ಸಾಂಪ್ರದಾಯಿಕ ಜ್ಞಾನ ಗಟ್ಟಿಯಾಗಿದೆ.' ಅಜ್ಜಿ ಮರಕ್ಕೆ ನೇತುಬಿದ್ದದ್ದನ್ನು ಜ್ಞಾನ ಎಂದು ಕರೆದವರ ಇಂಗ್ಲಿಷಿಗೆ ನಾನು ತಲೆಬಾಗಿದೆ.

ಆ ವರದಿಯ ಒಂದು ಪ್ರತಿಯನ್ನು ಹೋದ ತಿಂಗಳು ಶಾಲೆಯಲ್ಲಿ ಇಟ್ಟುಹೋದರು. ಇನ್ನೂರ ಹನ್ನೆರಡು ಪುಟ, ಒಂಬತ್ತು ದಿನ ಓದಿದೆ. ಮುನ್ನುಡಿಯಲ್ಲಿ, ಜಗತ್ತಿನ ಹೊಗೆಯಲ್ಲಿ ನಮ್ಮ ದೇಶದ ಪಾಲು ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಆದರೆ ಪೆಟ್ಟು ತಿನ್ನುವುದರಲ್ಲಿ ಮುಂದಿನ ಸಾಲು ಎಂದು ಬರೆದಿದ್ದಾರೆ. ನಿಜ, ನಿಜ ಎಂದು ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದೆ. ನಮ್ಮನ್ನು ಯಾರೂ ಎಣಿಸುವುದಿಲ್ಲ ಎಂದು ಪರದೇಶದ ಸಭೆಗಳಲ್ಲಿ ನಮ್ಮವರು ಮೇಜು ಗುದ್ದಿ ಹೇಳುವುದನ್ನು ರೇಡಿಯೋದಲ್ಲಿ ಕೇಳಿ ನಾನು ಎಷ್ಟು ಸಲ ಚಪ್ಪಾಳೆ ತಟ್ಟಿಲ್ಲ! ಆಮೇಲೆ ಕೊನೆಯ ಕೋಷ್ಟಕಗಳಿಗೆ ಬಂದೆ. ಮೊದಲ ದರ್ಜೆಯ ಊರುಗಳಿಗೆ ಈ ಮಳೆಗಾಲದೊಳಗೇ ಎಚ್ಚರಿಕೆಯ ಸೈರನ್, ಎತ್ತರದ ಆಸರೆಮನೆ, ದಿಬ್ಬದ ಮೇಲೆ ಜಮೀನು. ಮಸಾಕೊನ ಊರು ಮೊದಲ ದರ್ಜೆ. ನಮ್ಮದು ಮೂರನೆಯದು, 'ಗಮನಿಸುತ್ತಿರಬೇಕಾದದ್ದು'. ಕಾರಣ: ಮೂವತ್ತು ವರ್ಷಗಳ ದಾಖಲೆಯಲ್ಲಿ ಅತಿವೃಷ್ಟಿಯ ಒಂದು ದಿನವೂ ಕಂಡುಬಂದಿಲ್ಲ. ನಂಬಲಾಗದೆ ಪುಟ ತಿರುಗಿಸಿ ತಿರುಗಿಸಿ ಆ ತಾರೀಖು ಹುಡುಕಿದೆ. ನನ್ನ ಖಾಲಿ ಮನೆಯಲ್ಲಿ ಆರು ಎಂದಿತ್ತು. ಅಡಿಯಲ್ಲಿ ಇರುವೆಯಂಥ ಅಕ್ಷರ: 'ಇಲ್ಲದ ಅಂಕಿಗಳ ಜಾಗದಲ್ಲಿ ಆ ತಿಂಗಳ ದಿನದ ಸರಾಸರಿ ತುಂಬಲಾಗಿದೆ.' ಷರಾದ ಅಂಕಣವನ್ನು ಯಾರೂ ಟೈಪ್ ಮಾಡಿಯೇ ಇಲ್ಲ. ಚೆನ್ನಾಗಿ ಅಳೆದ ಮಳೆಗಳೆಲ್ಲ ಉಳಿದವು ಮಗಳೇ, ಅಳತೆಗೆ ಸಿಗದಷ್ಟು ದೊಡ್ಡ ಮಳೆ ಮಾತ್ರ ತುಂತುರಾಯಿತು. ಲಿಸಿನೇತಿ ಆರು ಮಿಲಿಮೀಟರ್ ಮಳೆಯಲ್ಲಿ ಸತ್ತಳು.

ಇದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ಕನಿಷ್ಠ 'ನೂರೈವತ್ತಕ್ಕಿಂತ ಹೆಚ್ಚು' ಎಂದು ಬರೆಯಬಹುದಿತ್ತು. ಅದು ಸುಳ್ಳಾಗುತ್ತಿರಲಿಲ್ಲ. ನಿಯಮದ ಜಂಬ ಬಿಡಲಿಲ್ಲ. ಮಸಾಕೊ ಮೊನ್ನೆ ದೋಣಿಯಲ್ಲಿ ಬಂದವನು, "ಏನ್ ಮೇಷ್ಟ್ರೇ, ನಿಮ್ ಸತ್ಯಕ್ಕೆ ಈಜು ಬರುತ್ತಾ?" ಎಂದು ಕೇಳಿದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಊರಿನ ಮಕ್ಕಳಾದರೂ ಉಳಿಯಲಿ. ನಿನ್ನ ಅಮ್ಮ ಮಾತ್ರ ಇಷ್ಟು ದಿನವಾದರೂ 'ನಾನು ಹೇಳಲಿಲ್ವಾ' ಎನ್ನಲಿಲ್ಲ. ಅವಳು ಹಾಗೆ ಸುಮ್ಮನಿರುವುದನ್ನು ನಲವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನೋಡುತ್ತಿದ್ದೇನೆ, ಭಯವಾಗುತ್ತದೆ.

ಒಂದು ದಾರಿ ಇದೆ. ಪಟ್ಟಿ ಇನ್ನೂ ಕರಡು. ಅಂಕಿ ತಪ್ಪಾಗಿದ್ದರೆ, ಅದನ್ನು ಸಿದ್ಧಪಡಿಸಿದವರೇ ಸ್ಥಳಕ್ಕೆ ಬಂದು ನೋಡಿ ತಿದ್ದುಪಡಿಗೆ ಸಹಿ ಹಾಕಿದರೆ ಅಕ್ಟೋಬರ್ ಹತ್ತರವರೆಗೆ ಒಪ್ಪುತ್ತೇವೆ ಎಂದು ಅವರೇ ಅಚ್ಚು ಹಾಕಿಸಿದ್ದಾರೆ. ನವೆಂಬರ್‌ನಲ್ಲಿ ಮಳೆ ಶುರು. ಊರಿನ ಮುಖ್ಯಸ್ಥ ಜೂಜೆ ಇದೇ ಇಪ್ಪತ್ತೇಳು, ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಂಜೂರದ ಮರದಡಿ ಸಭೆ ಕರೆದಿದ್ದಾನೆ. ಶಾಲೆಯ ಗೋಡೆಯ ಮೇಲೆ ನೀರು ನಿಂತ ಕೆಸರಿನ ಗೆರೆಗೆ ನಾವು ಸುಣ್ಣ ಬಳಿದಿಲ್ಲ. ರಿಜಿಸ್ಟರ್ ಇದೆ. ಆ ವಾರ ಹುಟ್ಟಿದ ನಾಲ್ಕು ಮಕ್ಕಳಿಗೆ ನೀರಿನ ಹೆಸರನ್ನೇ ಇಟ್ಟಿದ್ದಾರೆ, ಅವರೂ ಓಡಾಡುತ್ತಿದ್ದಾರೆ. ಇದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು. ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ಕೂರಬೇಡ, ನಿನ್ನ ಅಜ್ಜಿಯ ಬೆನ್ನು ಬಂದಿದೆ ನಿನಗೆ. ಫಲೇಸಿ ಅಜ್ಜಿ, ಮದುವೆ ಯಾವಾಗ, ನಾನು ಮರ ಹತ್ತುವ ಶಕ್ತಿ ಇರುವಾಗಲೇ ಮಾಡಿಕೋ ಎಂದು ಹೇಳಿಕಳಿಸಿದ್ದಾಳೆ. ನಿನ್ನ ದಾರಿ ಒಣಗಿರಲಿ, ನಿನ್ನ ಬಾವಿ ತುಂಬಿರಲಿ.

ನಿನ್ನ ಅಪ್ಪ,
ವೈಸನ್ ಕಂಪೀರಾ

ಮರೆತ ಮಾತು: ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಆ ಕೋಷ್ಟಕದ ಪುಟದ ಕೆಳಗೆ ಸಿದ್ಧಪಡಿಸಿದವರ ಹೆಸರಿದೆ. ಜೂಜೆ, "ಯಾರದ್ದು ಮೇಷ್ಟ್ರೇ ಆ ಹೆಸ್ರು? ಓದಿ ಹೇಳಿ" ಎಂದು ಎಲ್ಲರೆದುರು ಕೇಳಿದ. ಕನ್ನಡಕ ತಂದಿಲ್ಲ ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು ಡೊರಿಕಾ. ಅಲ್ಲಿದ್ದದ್ದು ನಿನ್ನ ಹೆಸರು. ಮೂವತ್ತೊಂಬತ್ತು ವರ್ಷದಲ್ಲಿ ನಾನು ಕೊಟ್ಟ ಮೊದಲ ಸುಳ್ಳು ದಾಖಲೆ ಅದು. ಸಾವಿರಾರು ಖಾಲಿ ಮನೆಗಳನ್ನು ಯಂತ್ರವೇ ತುಂಬಿತು, ನೀನು ಇದೊಂದನ್ನು ನೋಡಿಯೇ ಇರಲಿಲ್ಲ ಎಂದಾದರೆ ಹಾಗೆಂದು ಹೇಳು. ನೋಡಿದ್ದೆ ಎಂದಾದರೆ ಅದನ್ನೂ ಹೇಳು. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ, ನನ್ನ ತಪ್ಪನ್ನು ಮೊದಲು ನಾನೇ ಹೇಳುತ್ತೇನೆ. ಆದರೆ ನನಗೆ ಕಾಗದ ಬರೆಯಬೇಡ, ಫೋನ್ ಮಾಡಬೇಡ. ಶನಿವಾರ ಹತ್ತಕ್ಕೆ ಬಾ. ನನ್ನ ಖಾಲಿ ಮನೆಯಲ್ಲಿ ಆರು ಎಂದು ಬರೆದದ್ದು ಯಾರು, ಯಾಕೆ? ಮರದಡಿ, ಲಿಸಿನೇತಿಯ ಮಕ್ಕಳ ಮುಂದೆ, ಗಟ್ಟಿಯಾಗಿ ಉತ್ತರ ಕೊಡು.