ಅಪ್ಪನ ಏಳನೇ ಅಧ್ಯಾಯ

ಜೂನ್ 3, ಮಂಗಳವಾರ

ದೋಸೆಹಿಟ್ಟು ರುಬ್ಬಿಟ್ಟು ಮತ್ತೆ ಓದಲು ಕೂತೆ. ಶಂಕರಘಟ್ಟದಲ್ಲಿ ಎಂ.ಎ. ಓದುವ ಅಣ್ಣನ ಮಗಳು ಲಿಖಿತಾ ಕಾದಂಬರಿ ಬರೆದಿದ್ದಾಳೆ. ಪ್ರಿಂಟ್ ತೆಗೆಸಿ ಕೊಟ್ಟಿದ್ದಾಳೆ. "ಅತ್ತೆ, ನೀವು ಹೂಂ ಅಂದ್ರೇನೇ ಪ್ರೆಸ್ಸಿಗೆ. ಸೋಮವಾರ ಕೊಡ್ಬೇಕು."

1955ರ ಕಥೆ. ಹುಡುಗನ ಹೆಸರು ಮಾತ್ರ ಬೇರೆ, ಉಳಿದದ್ದೆಲ್ಲ ನಮ್ಮಪ್ಪ ಹಿರಿಯಣ್ಣನೇ. ತಾಯಿ ಇಲ್ಲ, ತಂದೆ ಕುಡುಕ. ಹದಿನಾಲ್ಕು ವರ್ಷ. ಭದ್ರಾವತಿ ಕಾರ್ಖಾನೆಯ ಬೂದಿ ರಾಶಿಯಲ್ಲಿ ಇದ್ದಿಲು ಆರಿಸಿ ಹೊಟ್ಟೆ ಹೊರೆಯುತ್ತಾನೆ. ಓದಲೇಬೇಕೆಂಬ ಹಟ. ಆರು ಅಧ್ಯಾಯ ಮುಗಿಯಿತು. ಎರಡು ಸಲ ಕಣ್ಣೊರೆಸಿಕೊಂಡೆ.

ಜೂನ್ 4, ಬೆಳಿಗ್ಗೆ

ಏಳನೇ ಅಧ್ಯಾಯ. ತಿರುಗಿ ಮೊದಲಿಂದ ಓದಿದೆ.

ಶಿವಮೊಗ್ಗದಲ್ಲಿ ಲಿಂಗಾಯತ ಹುಡುಗರಿಗೆ ಉಚಿತ ಹಾಸ್ಟೆಲ್. ಇವನು ಲಿಂಗಾಯತನಲ್ಲ. ಭದ್ರಾ ಹೊಳೆಯಲ್ಲಿ ಒಂದು ನುಣುಪಾದ ಕಪ್ಪು ಕಲ್ಲು ಆರಿಸಿ, ಬಟ್ಟೆಯಲ್ಲಿ ಸುತ್ತಿ, ಕೊರಳಿಗೆ ಕಟ್ಟಿಕೊಂಡು ಹೋಗುತ್ತಾನೆ. ಲಿಂಗ ಎನ್ನುತ್ತಾನೆ. ಸೇರಿಸಿಕೊಳ್ಳುತ್ತಾರೆ.

ಲಿಖಿತಾಗೆ ಫೋನ್ ಮಾಡಿದೆ. ಇದು ನೀನು ಕಟ್ಟಿದ ಕಥೆ ತಾನೇ? "ಇಲ್ಲ ಅತ್ತೆ. ಅಜ್ಜನೇ ಹೇಳಿದ್ದು. ಮೊಬೈಲಲ್ಲಿ ರೆಕಾರ್ಡ್ ಇದೆ."

ತೆಗೆದುಹಾಕು ಎಂದೆ. ತೆಗೆದರೆ ಹುಡುಗ ಓದಿದ್ದು ಹೇಗೆ ಅಂತ ಬರೆಯಲಿ ಎಂದಳು. ಇಟ್ಟುಬಿಟ್ಟೆ.

ಮೂರು ವರ್ಷದ ಹಿಂದೆ, ಮಣ್ಣು ಮಾಡುವಾಗ, ಅಪ್ಪನ ಅಂಗೈಯಲ್ಲಿ ಲಿಂಗ ಇಟ್ಟವಳು ನಾನೇ. ನಾನು ಇಟ್ಟದ್ದು ಏನು... ಶಿವನೇ.

ಜೂನ್ 7

ಎರಡು ದಿನ ಬರೆಯಲಿಲ್ಲ. ಪೂಜೆಯಲ್ಲೂ ಮನಸ್ಸು ನಿಲ್ಲಲಿಲ್ಲ.

ಭದ್ರಾವತಿಗೆ ಹೋದೆ. ಅವ್ವ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ನಿನಗೆ ಗೊತ್ತಿತ್ತಾ ಎಂದೆ. ತಲೆ ಎತ್ತಲಿಲ್ಲ.

"ಮದುವೆಯಾದ ವರ್ಷವೇ ಹೇಳಿದ್ರು. ಸ್ವಾಮಿಗಳ ಹತ್ರ ಹೋಗಿ ಬೇರೆ ಕಟ್ಟಿಸ್ಕೊಳ್ಳಿ ಅಂದೆ. ಹಸಿದಾಗ ಅನ್ನ ಹಾಕಿದ್ದು ಇದೇ ಕಣೇ, ಇದನ್ನ ಹೆಂಗೆ ಬಿಡ್ಲಿ ಅಂದ್ರು."

ನೀನು ಏನಂದೆ?

"ಏನಂತೀನಿ ಮಾರಾಯ್ತಿ. ಎರಡು ಹೊತ್ತೂ ವಿಭೂತಿ, ಹೂವು ತಂದಿಟ್ಟೆ."

ನೆಂಟರಿಗೆಲ್ಲ ಗೊತ್ತಾದರೆ ಎಂದೆ. ಅವ್ವ ನಕ್ಕಳು. "ಸತ್ತೋರ್ನ ಹಾಸ್ಟೆಲ್ಲಿಂದ ಹೊರಗೆ ಹಾಕ್ತಾರೇನೇ?"

ಜೂನ್ 8, ಭಾನುವಾರ

ಅರವತ್ತೇಳು ವರ್ಷ ಆ ಕಲ್ಲಿಗೆ ಪೂಜೆ. ಜ್ವರ ಬಂದರೂ ಅಪ್ಪ ಪೂಜೆ ತಪ್ಪಿಸಿದವನಲ್ಲ. ನಾನು ತಪ್ಪಿಸಿದ್ದೇನೆ. ಶಾಸ್ತ್ರ ನನಗೆ ಗೊತ್ತಿಲ್ಲ, ಇದು ಗೊತ್ತು.

ಲಿಖಿತಾಗೆ ಫೋನ್ ಮಾಡಿದೆ. ಅಧ್ಯಾಯ ಇರಲಿ. ಹೆಸರೂ ಹಿರಿಯಣ್ಣ ಅಂತಲೇ ಹಾಕು.

ಆದರೆ ಒಂದು ತಪ್ಪು ಬರೆದಿದ್ದೀಯ ಎಂದೆ. ಹುಡುಗ ಕಣ್ಣು ಮುಚ್ಚಿ ಪೂಜೆಗೆ ಕೂತ ಎಂದಿದೆ. ಲಿಂಗಪೂಜೆಗೆ ಕಣ್ಣು ಮುಚ್ಚುವುದಿಲ್ಲ. ಅಂಗೈ ಮೇಲಿಟ್ಟು ನೋಡಬೇಕು. ಅಪ್ಪ ರೆಪ್ಪೆ ಬಡಿಯದೆ ನೋಡುತ್ತಿದ್ದ, ಅದು ಇನ್ನೇನು ಮಾತಾಡುತ್ತದೆ ಅನ್ನುವ ಹಾಗೆ.

ತಡೀರಿ ಅತ್ತೆ, ಪೆನ್ನು ತಗೋತೀನಿ ಎಂದಳು. ಕಾದೆ. ಹೂಂ, ಬರೆದುಕೋ ಎಂದೆ. ಎಡಗೈ ಎದೆಯ ಮಟ್ಟಕ್ಕೆ... ಕಣ್ಣು ತೆರೆದು...