ಗೋಡೆ ನೋಡಿ ಬರೆದ ಪಟ್ಟಿ

ಗ್ರೀನ್‌ಲ್ಯಾಂಡ್, ಫೆಬ್ರವರಿ ೩೦, ೨೪೦೬

ಹಿಂದಿನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮಾತು ಅಲ್ಲಲ್ಲಿ ಒರಟಾದರೆ ಕ್ಷಮಿಸಿ. ಈ ದಂಡೆಯಲ್ಲಿ ಕನ್ನಡ ಬಲ್ಲವರು ಒಂದು ದೋಣಿಯಷ್ಟು ಜನ ಮಾತ್ರ.

ಹೊನ್ನಾವರದ ಕಡೆ ಕಡಲು ನಮ್ಮ ಊರೊಳಗೆ ಬಂದಾಗ ಊರಿಗೆ ಹದಿನೈದು ದೋಣಿಗಳು ಸಿಕ್ಕವು. ಹೋಗಲು ಎರಡು ನೆಲ: ಹಿಮ ಕರಗಿದ ಗ್ರೀನ್‌ಲ್ಯಾಂಡ್, ಇಲ್ಲವೇ ಆಫ್ರಿಕಾ. ನೆಲ ಎಷ್ಟು ದೊಡ್ಡದೋ ಅಷ್ಟು ದೋಣಿ ಎಂಬುದು ನಿಯಮ. ಪಟ್ಟಿ ಬರೆಯುವ ಕೆಲಸ ನನ್ನದು. ಕಚೇರಿಯ ಗೋಡೆಯ ಮೇಲೆ ನಿಮ್ಮ ಕಾಲದ ಜಗತ್ತಿನ ನಕ್ಷೆ ತೂಗುತ್ತಿತ್ತು. ಅದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ದಕ್ಷಿಣದ ಆಫ್ರಿಕಾಕ್ಕೆ ಎಂಟು, ಉತ್ತರದ ಗ್ರೀನ್‌ಲ್ಯಾಂಡ್‌ಗೆ ಏಳು ಎಂದು ಬರೆದೆ. ನನ್ನ ಅಕ್ಕ ಸೋಮಕ್ಕ ದಕ್ಷಿಣದ ಪಟ್ಟಿಯಲ್ಲಿದ್ದಳು. ತುಂಬು ಬಸುರಿಯಾಗಿದ್ದ ಅವಳ ಮಗಳು ಉತ್ತರದ್ದರಲ್ಲಿ. ಸ್ವಂತದವರೆಂದು ಬದಲಿಸಲಿಲ್ಲ. ಅದಕ್ಕೆ ಹೆಮ್ಮೆಯೂ ಪಟ್ಟೆ.

ಸೋಮಕ್ಕ ಬಲೆ ಹೆಣೆಯುವವಳು. ಅಳಲಿಲ್ಲ. ಕಚೇರಿಗೆ ಬಂದು, ಕಪಾಟಿನ ಮೇಲೆ ಧೂಳು ಹಿಡಿದಿದ್ದ ಭೂಗೋಳದ ಗುಂಡನ್ನು ಮಡಿಲಲ್ಲಿಟ್ಟುಕೊಂಡು, “ಏನೋ ತಮ್ಮಾ, ಚಿತ್ರ ನೋಡಿ ಮೀನು ಪಾಲು ಹಾಕ್ತ್ಯನೋ? ಬುಟ್ಟಿಗೆ ಕೈ ಹಾಕೂದು ಬ್ಯಾಡ್ವ?” ಎಂದಳು. ಬಲೆಯ ತುಂಡೊಂದನ್ನು ಒಂದೊಂದು ನೆಲದ ಮೇಲೂ ಹರಡಿ ಕಣ್ಣುಗಳನ್ನು ಎಣಿಸಿದಳು. ಗ್ರೀನ್‌ಲ್ಯಾಂಡ್ ಐದು ಕಣ್ಣು. ಆಫ್ರಿಕಾ ಎಪ್ಪತ್ತು.

ಗುಂಡಗಿನ ಭೂಮಿಯನ್ನು ಆ ನಕ್ಷೆಯಂತೆ ಹಾಳೆಗೆ ಇಳಿಸಿದಾಗ ಧ್ರುವದ ಕಡೆಯ ನೆಲಗಳು ಹಿಗ್ಗುತ್ತವೆ. ನಾನು ಓದಿದ್ದೆ. ಗೋಡೆ ನೋಡುತ್ತ ಬೆಳೆದ ನನ್ನ ಕಣ್ಣು ಮಾತ್ರ ಓದಿರಲಿಲ್ಲ.

ಪಟ್ಟಿ ಹರಿದು ಮತ್ತೆ ಬರೆದೆ: ದಕ್ಷಿಣಕ್ಕೆ ಹದಿನಾಲ್ಕು, ಉತ್ತರಕ್ಕೆ ಒಂದು. ತಾಯಿ ಮಗಳು ಒಂದೇ ದೋಣಿ ಹತ್ತಿದರು. ಉತ್ತರದ ದೋಣಿಗೆ ಮೊದಲ ಹೆಸರು ನನ್ನದೇ ಬರೆದುಕೊಂಡೆ. ಯಾರೂ ಹೇಳಿರಲಿಲ್ಲ.

ಇಲ್ಲಿ ಈಗ ಆಲೂಗಡ್ಡೆ ಪಾತಿ ಹಂಚುವಾಗಲೂ ಬಲೆ ಹಾಸುತ್ತೇವೆ. ಅದಕ್ಕೆ ಕಣ್ಣೆಣಿಕೆ ಎಂದು ಹೆಸರು. ಎಣಿಸದೆ ಯಾರೂ ಸಹಿ ಹಾಕುವುದಿಲ್ಲ. ಒಂದು ದೋಣಿಯ ಜನಕ್ಕೆ ನೆಲ ಧಾರಾಳವಾಗಿದೆ, ಚಳಿಯೂ ಧಾರಾಳ. ಕಳೆದ ವಾರ ಆಫ್ರಿಕಾದಿಂದ ಸುದ್ದಿ ಬಂತು: ಸೋಮಕ್ಕನ ಮೊಮ್ಮಗಳು ಹೆಜ್ಜೆ ಇಡುತ್ತಿದ್ದಾಳೆ, ಅಜ್ಜಿಯ ಬಲೆಗೆ ಕಾಲು ಸಿಕ್ಕಿಸಿಕೊಂಡು ಬೀಳುತ್ತಾಳಂತೆ. ಅಂದಿನಿಂದ ಚೆನ್ನಾಗಿ ನಿದ್ದೆ ಬರುತ್ತಿದೆ.

ಒಂದು ಕೋರಿಕೆ. ನಿಮ್ಮ ಗೋಡೆಯ ನಕ್ಷೆಯನ್ನು ಕಿತ್ತುಹಾಕಬೇಡಿ. ನಮ್ಮ ದೋಣಿ ದಿಕ್ಕು ತಪ್ಪದೆ ಇಲ್ಲಿಗೆ ಬಂದದ್ದು ಅದೇ ನಕ್ಷೆಯಿಂದ. ದಾರಿ ಕೇಳಿ, ಹೇಳುತ್ತದೆ. ಯಾರ ನೆಲ ಎಷ್ಟು ದೊಡ್ಡದೆಂದು ಮಾತ್ರ ಅದನ್ನು ಕೇಳಬೇಡಿ. ಪಕ್ಕದಲ್ಲೊಂದು ಭೂಗೋಳ ಇಡಿ, ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ.

ಪಟ್ಟಿಯನ್ನು ಎರಡು ಸಲ ಬರೆದವ,
ವಿಠೋಬ